ಇಂಗ್ಲೆಂಡಿನಲ್ಲಿ ಖಾಸಗಿ ನೀರಿನ ಕಂಪನಿಗಳು ನದಿಗೆ ಕೊಳಚೆ ಬಿಡುವುದನ್ನು ಯಾರೂ ಯಾಕೆ ತಡೆಯಲಿಲ್ಲ?

ತಡೆಯಬೇಕಾದವರು ಇದ್ದರು. ದರ, ಹಣಕಾಸು ನೋಡಲು ಆಫ್‌ವಾಟ್. ಮಾಲಿನ್ಯ ನೋಡಲು ಎನ್ವಿರಾನ್‌ಮೆಂಟ್ ಏಜೆನ್ಸಿ. ಇಬ್ಬರ ಹಿಡಿತವೂ ಸಡಿಲವಾಗಿತ್ತು.

ಅಲ್ಲಿನ ಹಳೆಯ ಊರುಗಳಲ್ಲಿ ಮಳೆನೀರು, ಶೌಚದ ನೀರು ಎರಡೂ ಒಂದೇ ಕೊಳವೆಯಲ್ಲಿ ಹೋಗುತ್ತವೆ. ಜೋರು ಮಳೆಗೆ ಅದು ಉಕ್ಕಿ ಮನೆಗಳಿಗೆ ನುಗ್ಗಬಾರದು ಅಂತ ಹೆಚ್ಚುವರಿ ನೀರನ್ನು ನದಿಗೆ, ಸಮುದ್ರಕ್ಕೆ ಬಿಡಲು ಕಾನೂನಿನಲ್ಲೇ ಅವಕಾಶವಿದೆ. ಅಪರೂಪಕ್ಕೆ ಬಳಸಬೇಕಾದ ಈ ದಾರಿ ಮಾಮೂಲಿಯಾಗಿಬಿಟ್ಟಿತು. 2024ರಲ್ಲಿ ಹೀಗೆ ಹರಿದದ್ದು ಎಲ್ಲ ಕಡೆ ಸೇರಿ 36 ಲಕ್ಷ ಗಂಟೆ!

ಇದರ ಹಿಂದೆ ದುಡ್ಡಿನ ಕಥೆಯಿದೆ. 1989ರಲ್ಲಿ ಖಾಸಗಿಗೆ ಮಾರುವಾಗ ಸರ್ಕಾರ ಹಳೆಯ ಸಾಲ ಮನ್ನಾ ಮಾಡಿತ್ತು. ಆಮೇಲೆ ಕಂಪನಿಗಳು ಹೊಸ ಸಾಲ ಎತ್ತಿದವು, ಲಾಭಾಂಶವನ್ನೂ ಹಂಚಿದವು. ಆಫ್‌ವಾಟ್ ಬಹುಕಾಲ ಸುಮ್ನೆ ನೋಡುತ್ತಿತ್ತು. ಶುದ್ಧೀಕರಿಸಿದ ನೀರಿನ ಮಾದರಿ ಪರೀಕ್ಷೆಯನ್ನಂತೂ ಕಂಪನಿಗಳಿಗೇ ವಹಿಸಿದ್ದರು. ಪರೀಕ್ಷೆ ಬರೆದವನೇ ಉತ್ತರಪತ್ರಿಕೆ ತಿದ್ದಿದ ಹಾಗೆ, ಅಲ್ವಾ?

ದಂಡ ಬಿದ್ದಿಲ್ಲ ಅಂತಲ್ಲ, ತಡವಾಗಿ ಬಿತ್ತು. ಸದರ್ನ್ ವಾಟರ್ 2010ರಿಂದ 2015ರವರೆಗೆ ಕೊಳಚೆ ಬಿಟ್ಟದ್ದಕ್ಕೆ 2021ರಲ್ಲಿ 9 ಕೋಟಿ ಪೌಂಡ್. ಥೇಮ್ಸ್ ವಾಟರ್‌ಗೆ 2025ರಲ್ಲಿ 12.27 ಕೋಟಿ ಪೌಂಡ್. ಅದೇ ವರ್ಷದ ಜುಲೈನಲ್ಲಿ ಆಫ್‌ವಾಟನ್ನೇ ರದ್ದು ಮಾಡುವುದಾಗಿ ಸರ್ಕಾರ ಘೋಷಿಸಿತು.