ಎಲ್‌ಎಲ್‌ಬಿ ಮುಗೀತಿದೆ: ಮೊದಲು ಕಂಪನಿ ಕೆಲಸ, ಆಮೇಲೆ ಜಡ್ಜ್ ಪರೀಕ್ಷೆ ಅಂದ್ರೆ ಆಗುತ್ತಾ?

ನೀವು ಬರೆದಿರುವುದು ಇಷ್ಟು: ಮೂರು ವರ್ಷದ ಎಲ್‌ಎಲ್‌ಬಿ, ಕೊನೆಯ ಸೆಮಿಸ್ಟರ್. ಪಿಯುಸಿವರೆಗೆ ಕನ್ನಡ ಮಾಧ್ಯಮ. ಸಿವಿಲ್ ಜಡ್ಜ್ ಆಗುವ ಆಸೆ. ಮನೆಯಲ್ಲಿ ಜಾಸ್ತಿ ದಿನ ನೋಡಿಕೊಳ್ಳುವ ಸ್ಥಿತಿ ಇಲ್ಲ. ಅದಕ್ಕೇ ಎರಡು ವರ್ಷ ಬೆಂಗಳೂರಿನ ಕಂಪನಿಯಲ್ಲಿ ದುಡಿದು, ಸ್ವಲ್ಪ ದುಡ್ಡು ಮಾಡಿಕೊಂಡು, ಆಮೇಲೆ ಪರೀಕ್ಷೆ ಬರೆಯಲಾ ಅಂತ ಕೇಳಿದ್ದೀರಿ. ನಾನು ಜಿಲ್ಲಾ ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವವಳು. ಅಲ್ಲಿ ಕೂತು ಕಂಡದ್ದನ್ನು ಹೇಳುತ್ತೇನೆ.

ಆ ಲೆಕ್ಕ ಈಗ ಕೂಡಿ ಬರುವುದಿಲ್ಲ. 2025ರ ಮೇ 20ರಂದು ಸುಪ್ರೀಂ ಕೋರ್ಟ್, ಸಿವಿಲ್ ಜಡ್ಜ್ ಕಿರಿಯ ವಿಭಾಗಕ್ಕೆ ಕನಿಷ್ಠ 3 ವರ್ಷ ವಕೀಲಿಕೆ ಬೇಕು ಎಂದು ಹೇಳಿತು. ಕಾಲೇಜಿನಿಂದ ನೇರವಾಗಿ ಪರೀಕ್ಷೆಗೆ ಕೂರುವ ದಾರಿ ಅಲ್ಲಿಗೆ ಮುಚ್ಚಿತು. ಇನ್ನು ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದವರು ಪ್ರಾಕ್ಟೀಸ್ ಮಾಡುವಂತಿಲ್ಲ, ಸನ್ನದನ್ನು (ವಕೀಲಿಕೆಯ ಪರವಾನಗಿ) ಅಮಾನತಿನಲ್ಲಿ ಇಡಬೇಕು. ಅಂದರೆ ಕಂಪನಿಯ ಆ ಎರಡು ವರ್ಷ ನಿಮ್ಮ ಮೂರು ವರ್ಷದೊಳಗೆ ಬರುವುದೇ ಇಲ್ಲ. ಎರಡು ಪ್ಲಸ್ ಮೂರು, ಐದಾಯಿತು. ಅರ್ಜಿ ಕರೆದಾಗ ಆಯಾ ವರ್ಷದ ಅಧಿಸೂಚನೆಯನ್ನೇ ಓದಿ. ಕೋಚಿಂಗ್ ಸೆಂಟರಿನವರು ಹೇಳುವುದನ್ನು ನಂಬಿ ಕೂರಬೇಡಿ.

ಅದೇ ತೀರ್ಪಿನಲ್ಲಿ ನಿಮಗೆ ಅನುಕೂಲವಾದ ಮಾತುಗಳೂ ಇವೆ. ಮೂರು ವರ್ಷ ಎಣಿಸುವುದು ತಾತ್ಕಾಲಿಕ ಎನ್‌ರೋಲ್‌ಮೆಂಟ್ (ವಕೀಲರ ಪಟ್ಟಿಗೆ ಹೆಸರು ನೋಂದಣಿ) ಆದ ದಿನದಿಂದ. ವಕೀಲಿಕೆ ಮುಂದುವರಿಸಲು ಬರೆಯಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ, ಅಂದರೆ ಎಐಬಿಇ, ಪಾಸಾದ ದಿನದಿಂದ ಅಲ್ಲ. ಹಾಗಾಗಿ ಫಲಿತಾಂಶ ಬಂದ ತಕ್ಷಣ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಅರ್ಜಿ ಹಾಕಿ, "ಹಬ್ಬ ಮುಗೀಲಿ" ಅಂತ ತಿಂಗಳುಗಟ್ಟಲೆ ಮುಂದೂಡಬೇಡಿ. ಶುಲ್ಕದ ಭಯವೂ ಬೇಡ. ಕಾಯ್ದೆಯಲ್ಲಿರುವ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿ, ಇದಕ್ಕಿಂತ ಹೆಚ್ಚು ಎನ್‌ರೋಲ್‌ಮೆಂಟ್ ಶುಲ್ಕ ತೆಗೆದುಕೊಳ್ಳುವಂತಿಲ್ಲ ಎಂದು 2024ರ ಜುಲೈನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೈಕೋರ್ಟಿನ ನ್ಯಾಯಮೂರ್ತಿಗಳ ಹತ್ತಿರ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವೂ ಈ ಮೂರು ವರ್ಷದ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ತಿಂಗಳ ಗೌರವಧನವೂ ಉಂಟು. ಅರ್ಜಿ ಕರೆದರೆ ಬಿಡಬೇಡಿ.

ಎಐಬಿಇಗೆ ತಲೆ ಕೆಡಿಸಿಕೊಳ್ಳಬೇಡಿ. ಕನ್ನಡದಲ್ಲೇ ಬರೆಯಬಹುದು, 100 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಟಿಪ್ಪಣಿ ಇಲ್ಲದ ಬೇರ್ ಆಕ್ಟ್ (ಕಾಯ್ದೆಯ ಮೂಲ ಪಠ್ಯ) ಒಯ್ಯಬಹುದು.

ಹೀಗಿರುವಾಗ ಪ್ರಾಕ್ಟೀಸಾ, ಜಡ್ಜ್ ಪರೀಕ್ಷೆಯಾ ಅನ್ನುವ ಪ್ರಶ್ನೆಯೇ ಈಗ ಇಲ್ಲ. ಮುಂದಿನ ಮೂರು ವರ್ಷ ಹೇಗೂ ಕೋರ್ಟಿನಲ್ಲೇ. ಯಾರ ಕೈಕೆಳಗೆ, ಮತ್ತು ಹೊಟ್ಟೆಗೆ ಏನು? ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಇವೆರಡಕ್ಕೆ.

ಸೀನಿಯರ್ ಹುಡುಕುವಾಗ ಅವರ ಆಫೀಸಿನ ಪುಸ್ತಕದ ಬೀರು ನೋಡಿ ಮರುಳಾಗಬೇಡಿ. ಅವರ ಬಳಿ ಮೊದಲು ಇದ್ದ ಜೂನಿಯರ್‌ಗಳು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಕೇಳಿ. ವಕೀಲರ ಸಂಘದ ಕ್ಯಾಂಟೀನಿನಲ್ಲಿ ಒಂದು ಚಹಾ ಮುಗಿಯುವುದರೊಳಗೆ ಗೊತ್ತಾಗುತ್ತದೆ. ಸುಮ್ನೆ ವಾಯಿದೆ (ಮುಂದಿನ ದಿನಾಂಕ) ಕೇಳುವುದಕ್ಕೆ, ಮೆಮೊ ಹಾಕುವುದಕ್ಕೆ ಮಾತ್ರ ಜೂನಿಯರ್‌ಗಳನ್ನು ಕಳಿಸುವ ಆಫೀಸುಗಳಿವೆ. ಅಲ್ಲಿ ಮೂರು ವರ್ಷ ಇದ್ದರೂ ಪ್ರಮಾಣಪತ್ರ ಸಿಕ್ಕೀತು, ಕೆಲಸ ಬಾರದು. ಸಾಕ್ಷಿ ವಿಚಾರಣೆ ಸ್ವತಃ ನಡೆಸುವವರು, ವಾದಪತ್ರದ ಮೊದಲ ಕರಡನ್ನು ನಿಮ್ಮ ಕೈಯಲ್ಲಿ ಬರೆಸಿ ಕೆಂಪು ಪೆನ್ನಿನಲ್ಲಿ ತಿದ್ದುವವರು ಬೇಕು. ಬೈಯ್ದರೂ ಪರವಾಗಿಲ್ಲ. ಒಂದು ಪಾಲಿನ ದಾವೆಯನ್ನು ವಾದಪತ್ರದಿಂದ ತೀರ್ಪಿನವರೆಗೆ ಹತ್ತಿರದಿಂದ ನೋಡಿದರೆ ಹಿಂದೂ ಉತ್ತರಾಧಿಕಾರ, ಸಾಕ್ಷ್ಯ, ಪಹಣಿ, ಮ್ಯುಟೇಶನ್, ಕೋರ್ಟ್ ಫೀ ಎಲ್ಲ ಒಟ್ಟಿಗೆ ಬರುತ್ತದೆ. ಮುಖ್ಯ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ. ಬಿಡುವಿದ್ದಾಗ ಬೇರೆಯವರ ಪಾಟೀ ಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಕೇಳುತ್ತಾ ಕೋರ್ಟ್ ಹಾಲಿನಲ್ಲೇ ಕೂರಿ. ಕ್ರಿಮಿನಲ್ ಕಡೆ ಹೋದರೆ ಎರಡೂ ಕಾನೂನು ಕಲಿಯಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಆದರೆ ಅದಕ್ಕೂ ಮೊದಲಿನ ಅಪರಾಧಗಳಿಗೆ ಹಳೆಯ ಐಪಿಸಿಯೇ.

ದುಡ್ಡಿನ ವಿಷಯ. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಅದು ಸಲಹೆ ಅಷ್ಟೇ, ಕಡ್ಡಾಯ ಅಲ್ಲ. ತಾಲ್ಲೂಕು ಕೋರ್ಟಿನಲ್ಲಿ ಅಷ್ಟು ಕೊಡುವವರನ್ನು ನಾನಂತೂ ನೋಡಿಲ್ಲ. ಮೊದಲ ವರ್ಷ ಪೆಟ್ರೋಲು, ಊಟದ ಖರ್ಚಿಗೆ ಆದರೆ ಪುಣ್ಯ. ಅದಕ್ಕೇ ಮನೆಯಿಂದ ಓಡಾಡುವಷ್ಟು ಹತ್ತಿರದ ಕೋರ್ಟನ್ನೇ ಹಿಡಿಯಿರಿ ಅನ್ನುತ್ತೇನೆ, ಬೆಂಗಳೂರಿನ ಬಾಡಿಗೆ ಕಟ್ಟುತ್ತಾ ಜೂನಿಯರ್ ಆಗಿರುವುದು ಕಷ್ಟ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಕಾನೂನು ಪದವೀಧರರ ತರಬೇತಿಗೆ ಸರ್ಕಾರದ ಶಿಷ್ಯವೇತನ ಇದೆ, ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ಕನ್ನಡ ಟೈಪಿಂಗ್ ಚೆನ್ನಾಗಿ ಕಲಿಯಿರಿ. ಕರಾರು, ಲೀಗಲ್ ನೋಟಿಸ್, ಕ್ರಯಪತ್ರದ ಕರಡು ಮಾಡಲು ಬಂದರೆ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ. (ಆಸ್ತಿಯ ಋಣಭಾರ ಪತ್ರ) ತೆಗೆದು ಋಣಭಾರ ಓದಲು ಬಂದರೆ, ಸಣ್ಣ ಆದಾಯ ಶುರುವಾಗುತ್ತದೆ. ಬ್ಯಾಂಕಿಗೆ ಲೀಗಲ್ ಒಪೀನಿಯನ್ ಕೊಡುವ ಹಿರಿಯ ವಕೀಲರಿಗೆ ದಾಖಲೆ ಹುಡುಕಿಕೊಡುವ ಜೂನಿಯರ್ ಯಾವಾಗಲೂ ಬೇಕು.

ಕನ್ನಡ ಮಾಧ್ಯಮದ ಬಗ್ಗೆ ಇಷ್ಟು ಕುಗ್ಗುವುದು ಯಾಕೆ? ವಿಚಾರಣಾ ಕೋರ್ಟಿನಲ್ಲಿ ಕಕ್ಷಿದಾರ, ಸಾಕ್ಷಿ, ಕಂದಾಯ ದಾಖಲೆ, ಎಲ್ಲವೂ ಕನ್ನಡವೇ. ನಮ್ಮ ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಅನುವಾದದ ಪತ್ರಿಕೆಯೂ ಇದೆ, ಇಂಗ್ಲಿಷ್ ಮಾಧ್ಯಮದವರು ಅಲ್ಲಿ ಒದ್ದಾಡುವುದನ್ನು ನೋಡಿದ್ದೇನೆ. ಹಾಗಂತ ಇಂಗ್ಲಿಷ್ ಬಿಡಬೇಡಿ. ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದರೂ ಕಲಾಪ ಇಂಗ್ಲಿಷಿನಲ್ಲೇ. ದಿನಕ್ಕೊಂದು ಹೈಕೋರ್ಟ್ ತೀರ್ಪು ನಿಧಾನಕ್ಕೆ ಓದುತ್ತಾ ಬನ್ನಿ.

ಎಲ್‌ಎಲ್‌ಎಂ? ಪಾಠ ಮಾಡುವ ಮನಸ್ಸಿದ್ದರೆ ಮಾತ್ರ. ಅದರ ಜೊತೆ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್ ಕೂಡ ಬೇಕು. ಏನು ಮಾಡಬೇಕೋ ತೋಚದೆ ಎಲ್‌ಎಲ್‌ಎಂಗೆ ಸೇರಿದವರು ಎರಡು ವರ್ಷದ ನಂತರ ಅದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ.

ಮನೆಯ ಪರಿಸ್ಥಿತಿ ನಿಜಕ್ಕೂ ಬಿಗಿಯಾಗಿದ್ದರೆ ಬ್ಯಾಂಕಿನ ಲಾ ಆಫೀಸರ್ ಪರೀಕ್ಷೆ ನೋಡಿ, ಬ್ಯಾಂಕ್ ನೇಮಕಾತಿ ಸಂಸ್ಥೆಯಾದ ಐಬಿಪಿಎಸ್ ನಡೆಸುತ್ತದೆ, ಅದಕ್ಕೂ ಎನ್‌ರೋಲ್ ಆಗಿರಲೇಬೇಕು. ಅದು ಸಂಬಳದ ಕೆಲಸ, ಅಲ್ಲಿಗೆ ಪ್ರಾಕ್ಟೀಸ್ ನಿಲ್ಲುತ್ತದೆ ಅನ್ನುವುದು ಗೊತ್ತಿದ್ದೇ ಹೋಗಿ. ಅದರಲ್ಲಿ ತಪ್ಪೇನೂ ಇಲ್ಲ.

ಯಾವ ಜಿಲ್ಲೆ, ಸಿವಿಲ್ ಇಷ್ಟವಾ ಕ್ರಿಮಿನಲ್ ಇಷ್ಟವಾ ಅಂತ ನೀವು ಬರೆದಿಲ್ಲ. ಅದನ್ನು ಹಾಕಿದರೆ ಸೀನಿಯರ್ ಹುಡುಕುವ ಬಗ್ಗೆ ಇನ್ನಷ್ಟು ಹೇಳಬಲ್ಲೆ.