ಪಕ್ಕದ ಮನೆಯ ನೈಜೀರಿಯಾ ಹುಡುಗ ‘ನಾನು ನೈಜೀರಿಯನ್ ಅಲ್ಲ, ಬಯಾಫ್ರನ್’ ಅನ್ನುತ್ತಾನೆ. ಏನಿದು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಯಾಕೆಂದರೆ ನನಗೂ ಮೊದಲ ಸಲ ಹೀಗೇ ಆಗಿತ್ತು. ಕಮ್ಮನಹಳ್ಳಿಯಲ್ಲಿ ನಿಮ್ಮ ಪಕ್ಕಕ್ಕೆ ಬಾಡಿಗೆಗೆ ಬಂದ ವಿದ್ಯಾರ್ಥಿಯನ್ನು ‘ನೈಜೀರಿಯಾದವರಾ?’ ಅಂತ ಕೇಳಿದ್ದೀರಿ. ಪಾಸ್‌ಪೋರ್ಟ್ ಮಾತ್ರ ಅವರದು, ನಾನು ಬಯಾಫ್ರನ್ ಅಂದಿದ್ದಾನೆ. ನೀವು ಮ್ಯಾಪ್ ತೆಗೆದು ನೋಡಿದರೆ ಆ ಹೆಸರಿನ ದೇಶವೇ ಇಲ್ಲ. ನಾನು 2014ರಿಂದ 2020ರವರೆಗೆ ಲಾಗೋಸ್‌ನ ಒಂದು ಪ್ಯಾಕೇಜಿಂಗ್ ಕಂಪನಿಯಲ್ಲಿದ್ದೆ, ಗಾಡಿಗಳ ಉಸ್ತುವಾರಿ ನನ್ನದು. ಗಾಡಿ ಅಂದರೆ ಸ್ಪೇರ್ ಪಾರ್ಟ್ಸ್, ಸ್ಪೇರ್ ಪಾರ್ಟ್ಸ್ ಅಂದರೆ ಇಗ್ಬೋ ವ್ಯಾಪಾರಿಗಳು. ಇತಿಹಾಸದ ಮೇಷ್ಟ್ರಲ್ಲ ನಾನು. ಅಂಗಡಿ ಮುಂದಿನ ಸ್ಟೂಲ್ ಮೇಲೆ ಕೂತು ಕೇಳಿದ್ದು, ಆಮೇಲೆ ಕುತೂಹಲಕ್ಕೆ ಓದಿದ್ದು, ಎರಡೂ ಸೇರಿಸಿ ಹೇಳುತ್ತೇನೆ.

ಸಣ್ಣ ಉತ್ತರ ಇಷ್ಟು. ಆ ಹುಡುಗ ಬಹುಶಃ ಇಗ್ಬೋ. ನೈಜೀರಿಯಾದ ಆಗ್ನೇಯ ಮೂಲೆಯಲ್ಲಿ ಅಬಿಯಾ, ಅನಾಂಬ್ರಾ, ಎಬೊನ್ಯಿ, ಎನುಗು, ಇಮೋ ಅಂತ ಐದು ರಾಜ್ಯಗಳಿವೆ, ಅದು ಅವರ ನಾಡು. ನೈಜರ್ ನದಿಯ ಆಚೆ ದಡದ ಡೆಲ್ಟಾ ರಾಜ್ಯದಲ್ಲೂ ಇದ್ದಾರೆ. ಒಟ್ಟು 3 ಕೋಟಿಗೂ ಜಾಸ್ತಿ ಅನ್ನುತ್ತಾರೆ. ಅದೂ ಅಂದಾಜು, ಯಾಕೆಂದರೆ 2006ರ ಜನಗಣತಿಯಲ್ಲಿ ಯಾವ ಜನ, ಯಾವ ಧರ್ಮ ಅಂತ ಕೇಳಲೇ ಇಲ್ಲ. 1967ರಲ್ಲಿ ಈ ಭಾಗ ಬಯಾಫ್ರಾ ಅಂತ ಬೇರೆ ದೇಶ ಆಗಲು ಹೊರಟಿತು, ಎರಡೂವರೆ ವರ್ಷ ಯುದ್ಧ ಮಾಡಿ 1970ರ ಜನವರಿಯಲ್ಲಿ ಸೋತಿತು. ನಿಮ್ಮ ಹುಡುಗ ಹುಟ್ಟುವ ಎಷ್ಟೋ ವರ್ಷ ಮೊದಲೇ ಮುಗಿದ ಕಥೆ. ಆದರೂ ಆ ಹೆಸರು ಅವನ ಬಾಯಲ್ಲಿ ಯಾಕಿದೆ ಅನ್ನೋದು ಉದ್ದದ ಉತ್ತರ, ಚಹಾ ಇಟ್ಟುಕೊಂಡು ಓದಿ.

ಇಗ್ಬೋಗಳು ತಮ್ಮ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು ‘ಇಗ್ಬೋ ಎನ್ವೆ ಎಝೆ’. ನಮಗೆ ರಾಜ ಇಲ್ಲ ಅಂತ ಅರ್ಥ. ಇದು ಪೂರ್ತಿ ನಿಜ ಅಲ್ಲ. ನ್ರಿಯಲ್ಲಿ, ಒನಿಚಾದಲ್ಲಿ ರಾಜರಿದ್ದರು. ಇಗ್ಬೋ-ಉಕ್ವು ಅನ್ನುವ ಊರಲ್ಲಿ ಒಬ್ಬ ತನ್ನ ಹಿತ್ತಲಲ್ಲಿ ನೀರಿನ ತೊಟ್ಟಿಗೆ ಗುಂಡಿ ತೋಡುವಾಗ ಸಿಕ್ಕ ಕಂಚಿನ ಪಾತ್ರೆಗಳು ಸುಮಾರು 9ನೇ ಶತಮಾನದವು, ಅವುಗಳ ಮೇಲಿನ ಕುಸುರಿ ನೋಡಿದರೆ ಬೆರಗಾಗುತ್ತದೆ. ಆದರೆ ಹೆಚ್ಚಿನ ಕಡೆ ಊರಿಗೆ ಊರೇ ಯಜಮಾನ. ಒಂದೇ ಮೂಲದ ಮನೆತನಗಳ ಗುಂಪಿಗೆ ‘ಉಮುನ್ನಾ’ ಅನ್ನುತ್ತಾರೆ. ಒಂದೇ ವಯಸ್ಸಿನವರದ್ದು ಒಂದೊಂದು ಕೂಟ, ಮದುವೆಯಾಗಿ ಹೋದ ಹೆಣ್ಣುಮಕ್ಕಳದ್ದೇ ಇನ್ನೊಂದು ಕೂಟ. ಸಭೆ ಸೇರಿದಾಗ ಒಬ್ಬ ಎದ್ದು ‘ಇಗ್ಬೋ ಕ್ವೆನು!’ ಅಂತ ಕೂಗುತ್ತಾನೆ, ಎಲ್ಲರೂ ‘ಯಾ!’ ಅನ್ನುತ್ತಾರೆ, ಆಮೇಲೆ ವಾದ ಶುರು. ಮುಗಿಯೋದು ಯಾವಾಗ ಅಂತ ಕೇಳಬೇಡಿ.

ಬ್ರಿಟಿಷರಿಗೆ ಇದು ದೊಡ್ಡ ತಲೆನೋವು. ಉತ್ತರದಲ್ಲಿ ಎಮೀರ್ ಅನ್ನುವ ಮುಸ್ಲಿಂ ದೊರೆಗಳಿದ್ದರು, ಅವರನ್ನು ಹಿಡಿದುಕೊಂಡರೆ ಕಂದಾಯ ತಾನಾಗಿ ಬರುತ್ತಿತ್ತು. ಇಲ್ಲಿ ಯಾರನ್ನು ಹಿಡಿಯೋದು? ಸಿಕ್ಕವರ ಕೈಗೆ ಒಂದು ಕಾಗದ ಕೊಟ್ಟು ಇವತ್ತಿಂದ ನೀನೇ ಮುಖ್ಯಸ್ಥ ಅಂದರು. ಇವರೇ ವಾರಂಟ್ ಚೀಫ್‌ಗಳು. 1929ರ ನವೆಂಬರ್‌ನಲ್ಲಿ ಓಲೊಕೊ ಅನ್ನುವ ಊರಲ್ಲಿ ಇಂಥ ಒಬ್ಬ ಚೀಫ್ ಕಳಿಸಿದ ಮನುಷ್ಯ ನ್ವಾನ್ಯೆರುವಾ ಅನ್ನುವ ವಿಧವೆಯ ಅಂಗಳಕ್ಕೆ ಬಂದ. ಆಕೆ ತಾಳೆ ಎಣ್ಣೆ ತೆಗೆಯುತ್ತಿದ್ದಳು. ಆಡು, ಕುರಿ, ಮನೆ ಮಂದಿ ಎಷ್ಟು ಅಂತ ಲೆಕ್ಕ ಹೇಳು ಅಂದ. ಲೆಕ್ಕ ಅಂದರೆ ತೆರಿಗೆ, ಗಂಡಸರ ತಲೆ ಮೇಲೆ ಅದಾಗಲೇ ಬಿದ್ದಿತ್ತು. ನಿಮ್ಮಮ್ಮನನ್ನು ಎಣಿಸಿದ್ದಾರಾ ಅಂತ ಈಕೆ ತಿರುಗಿ ಕೇಳಿದಳು. ಜಗಳ ಆಯಿತು, ಸಂತೆಗೆ ಸುದ್ದಿ ಹೋಯಿತು, ತಾಳೆ ಗರಿ ಕೈಯಿಂದ ಕೈಗೆ ದಾಟಿ ಊರೂರಿನ ಹೆಂಗಸರು ಹೊರಟರು.

ಅವರ ಹಳೆಯ ಪದ್ಧತಿಯೊಂದಿದೆ, ತಪ್ಪು ಮಾಡಿದ ಗಂಡಸಿನ ‘ಮೇಲೆ ಕೂರೋದು’. ಅವನ ಮನೆ ಮುಂದೆ ರಾತ್ರಿಯಿಡೀ ಕೂತು, ಅವನ ಮಾನ ತೆಗೆಯುವ ಹಾಡು ಹೇಳುತ್ತ, ಒನಕೆಯಿಂದ ಗೋಡೆ ಕುಟ್ಟುತ್ತ, ಅವನು ತಪ್ಪೊಪ್ಪುವ ತನಕ ನಿದ್ದೆ ಮಾಡಲು ಬಿಡದಿರುವುದು. ಅದನ್ನೇ ಚೀಫ್‌ಗಳ ಮೇಲೆ ಮಾಡಿದರು, ಅವರ ಅಧಿಕಾರದ ಟೋಪಿ ಕಿತ್ತುಕೊಂಡರು, ಕೋರ್ಟುಗಳಿಗೆ ನುಗ್ಗಿದರು. ಸೈನಿಕರು ಗುಂಡು ಹಾರಿಸಿ 50ಕ್ಕೂ ಹೆಚ್ಚು ಹೆಂಗಸರನ್ನು ಕೊಂದರು. ಬ್ರಿಟಿಷ್ ದಾಖಲೆಗಳು ಇದನ್ನು ಅಬಾ ಗಲಭೆ ಅಂದವು. ಇಗ್ಬೋಗಳಿಗೆ ಅದು ‘ಹೆಂಗಸರ ಯುದ್ಧ’. ಕೆಲವೇ ವರ್ಷಗಳಲ್ಲಿ ವಾರಂಟ್ ಚೀಫ್ ಪದ್ಧತಿಯನ್ನು ಕೈಬಿಡಬೇಕಾಯಿತು.

ಇನ್ನು ಯುದ್ಧದ ಕಥೆ. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಇಗ್ಬೋಗಳು ದೇಶದ ತುಂಬ ಹರಡಿದ್ದರು, ರೈಲ್ವೆ, ಅಂಚೆ, ಬ್ಯಾಂಕು, ಶಾಲೆ ಎಲ್ಲದರಲ್ಲೂ. ಮೊದಲ ರಾಷ್ಟ್ರಪತಿ ನಾಮ್ಡಿ ಅಜಿಕಿವೆ ಇಗ್ಬೋ. 1966ರ ಜನವರಿ 15ರಂದು ಕೆಲವು ಮೇಜರ್‌ಗಳು ದಂಗೆ ಎದ್ದು ಪ್ರಧಾನಿ ಅಬೂಬಕರ್ ತಫಾವಾ ಬಲೇವಾ ಅವರನ್ನೂ ಉತ್ತರದ ದೊಡ್ಡ ನಾಯಕ ಅಹ್ಮದು ಬೆಲ್ಲೊ ಅವರನ್ನೂ ಕೊಂದರು. ದಂಗೆಕೋರರಲ್ಲಿ ಹೆಚ್ಚಿನವರು ಇಗ್ಬೋ, ಆಮೇಲೆ ಕುರ್ಚಿ ಹಿಡಿದ ಜನರಲ್ ಇರಾನ್ಸಿಯೂ ಇಗ್ಬೋ. ಇದು ಇಗ್ಬೋಗಳ ಸಂಚು ಅಂತ ಉತ್ತರದವರು ತೀರ್ಮಾನಿಸಿಬಿಟ್ಟರು. ಜುಲೈನಲ್ಲಿ ಪ್ರತಿದಂಗೆ ಆಗಿ ಇರಾನ್ಸಿ ಸತ್ತರು. ಆ ವರ್ಷ ಉತ್ತರದ ಪಟ್ಟಣಗಳಲ್ಲಿ ಸಾವಿರಾರು ಇಗ್ಬೋಗಳನ್ನು ಹುಡುಕಿ ಹುಡುಕಿ ಕೊಂದರು. ಟೈಲರ್, ಕ್ಲರ್ಕು, ಸ್ಟೇಷನ್ ಮಾಸ್ಟರು, ದಂಗೆಗೂ ಅವರಿಗೂ ಏನೂ ಸಂಬಂಧ ಇಲ್ಲ. 10 ಲಕ್ಷಕ್ಕೂ ಹೆಚ್ಚು ಜನ ಸಿಕ್ಕ ರೈಲು, ಲಾರಿ ಹತ್ತಿ ಪೂರ್ವಕ್ಕೆ ಓಡಿ ಬಂದರು. 1967ರ ಮೇ 30ರಂದು ಪೂರ್ವ ಭಾಗದ ಸೇನಾ ಗವರ್ನರ್ ಓಜುಕ್ವು ಬಯಾಫ್ರಾ ಘೋಷಿಸಿದರು.

ಯುದ್ಧದಲ್ಲಿ ಗುಂಡಿಗಿಂತ ಹಸಿವಿಗೆ ಸತ್ತವರೇ ಜಾಸ್ತಿ. ಸುತ್ತ ದಿಗ್ಬಂಧನ, ಒಳಗೆ ಉಪ್ಪು ಕೂಡ ಸಿಗುತ್ತಿರಲಿಲ್ಲ, ಮಕ್ಕಳ ಹೊಟ್ಟೆ ಊದಿ ಕೂದಲು ಕೆಂಚಾಗುತ್ತಿತ್ತು. ಸತ್ತವರು 5 ಲಕ್ಷ ಅನ್ನುವವರಿದ್ದಾರೆ, 30 ಲಕ್ಷ ಅನ್ನುವವರೂ ಇದ್ದಾರೆ. 1967ರ ಅಕ್ಟೋಬರ್‌ನಲ್ಲಿ ಅಸಾಬಾ ಪಟ್ಟಣದ ಜನ ಬಿಳಿ ಬಟ್ಟೆ ಉಟ್ಟು, ಹಾಡಿ ಕುಣಿಯುತ್ತ ಕೇಂದ್ರದ ಸೈನ್ಯವನ್ನು ಸ್ವಾಗತಿಸಲು ಬಂದಿದ್ದರು. ಸೈನಿಕರು ಗಂಡಸರನ್ನೂ ಹುಡುಗರನ್ನೂ ಬೇರೆ ಮಾಡಿ ನಿಲ್ಲಿಸಿ ಗುಂಡು ಹೊಡೆದರು.

ಒಂದು ವಿಷಯ ನಿಮ್ಮ ಹುಡುಗ ಹೇಳದೇ ಇರಬಹುದು, ಅದಕ್ಕೆ ನಾನು ಹೇಳುತ್ತೇನೆ. ಬಯಾಫ್ರಾ ಪೂರ್ತಿ ಇಗ್ಬೋಗಳ ನಾಡಾಗಿರಲಿಲ್ಲ. ಇಜಾವ್, ಎಫಿಕ್, ಇಬಿಬಿಯೊ, ಒಗೊನಿ ಜನರೂ ಅದರೊಳಗಿದ್ದರು. ಎಣ್ಣೆ ಬಾವಿಗಳು ಬಹಳಷ್ಟು ಇದ್ದಿದ್ದು ಅವರ ನೆಲದಲ್ಲಿ, ಮತ್ತು ಅವರಲ್ಲಿ ತುಂಬ ಜನಕ್ಕೆ ಈ ಹೊಸ ದೇಶ ಬೇಕಿರಲಿಲ್ಲ. ಇವತ್ತಿಗೂ ಪೋರ್ಟ್ ಹಾರ್ಕೋರ್ಟ್ ಪಟ್ಟಣದ ಕಡೆಯ ಇಕ್ವೆರೆ ಅನ್ನುವ ಜನರಲ್ಲಿ ಹಲವರು ನಾವು ಇಗ್ಬೋಗಳೇ ಅಲ್ಲ ಅನ್ನುತ್ತಾರೆ. ಯುದ್ಧ ಆದಮೇಲೆ ‘ಉಮು’ ಅಂತ ಶುರುವಾಗುತ್ತಿದ್ದ ಊರ ಹೆಸರುಗಳಿಗೆ ಒಂದು ‘ರ’ ಅಂಟಿಸಿ ‘ರುಮು’ ಮಾಡಿಕೊಂಡರು ಅಂತ ಇಗ್ಬೋಗಳ ದೂರು. ಇಕ್ವೆರೆಗಳ ಮುಂದೆ ಅದನ್ನು ಹೇಳಿದರೆ ಊಟ ಅರ್ಧಕ್ಕೇ ನಿಲ್ಲುತ್ತದೆ, ನಾನು ನೋಡಿದ್ದೇನೆ.

ಸೋತ ಮೇಲೆ ಗೆದ್ದವರೂ ಇಲ್ಲ, ಸೋತವರೂ ಇಲ್ಲ ಅಂತ ಸರ್ಕಾರ ಹೇಳಿತು. ನೈಜೀರಿಯಾದ ನಾಯಕ ಗೊವೊನ್ ಸೇಡಿನ ವಿಚಾರಣೆ, ಗಲ್ಲು ಅಂತೆಲ್ಲ ಮಾಡಲಿಲ್ಲ, ಅದು ಒಪ್ಪಬೇಕಾದ ಮಾತು. ಆದರೆ ಬಯಾಫ್ರಾದವರ ಬ್ಯಾಂಕ್ ಖಾತೆಯಲ್ಲಿ ಎಷ್ಟೇ ಇರಲಿ, ಕೈಗೆ ಕೊಟ್ಟಿದ್ದು 20 ಪೌಂಡ್. ಅದೂ ಎಲ್ಲರಿಗೂ ಸಿಗಲಿಲ್ಲ. ಪೋರ್ಟ್ ಹಾರ್ಕೋರ್ಟ್‌ನಲ್ಲಿ ಬಿಟ್ಟು ಓಡಿದ್ದ ಮನೆಗಳು ‘ವಾರಸುದಾರರಿಲ್ಲದ ಆಸ್ತಿ’ ಆದವು. 1972ರಲ್ಲಿ ವಿದೇಶಿ ಕಂಪನಿಗಳ ಷೇರುಗಳನ್ನು ನೈಜೀರಿಯಾದವರೇ ಕೊಳ್ಳಬೇಕು ಅಂತ ಕಾನೂನು ಬಂದಾಗ ಇಗ್ಬೋಗಳ ಜೇಬು ಖಾಲಿ. ನಾನು ಸ್ಪೇರ್ ಪಾರ್ಟ್ಸ್ ಕೊಳ್ಳುತ್ತಿದ್ದ ಅಂಗಡಿಯ ಓಗಾ (ಸಾಹುಕಾರನಿಗೆ ಅಲ್ಲಿ ಹಾಗನ್ನುತ್ತಾರೆ) ಯುದ್ಧದ ವಿಷಯ ಬಂದರೆ ಸುಮ್ನೆ ಆಗಿಬಿಡುತ್ತಿದ್ದ. ಆದರೆ 20 ಪೌಂಡ್ ವಿಷಯ ಮಾತ್ರ, ಯಾರೂ ಕೇಳದಿದ್ದರೂ, ತಿಂಗಳಿಗೊಮ್ಮೆ ಎತ್ತುತ್ತಿದ್ದ. ಅವನ ಅಪ್ಪ ಒನಿಚಾದಲ್ಲಿ ಬಟ್ಟೆ ವ್ಯಾಪಾರಿ, ಆ ದುಡ್ಡು ತಗೊಂಡು ಮತ್ತೆ ಮೊದಲಿಂದ ಶುರು ಮಾಡಿದವರು.

ಮತ್ತೆ ಶುರು ಮಾಡಿದ್ದು ಹೇಗೆ ಅನ್ನೋದೇ ನನಗೆ ಅವರಲ್ಲಿ ತುಂಬ ಇಷ್ಟವಾದ ಕಥೆ. ಅದಕ್ಕೆ ‘ಇಗ್ಬಾ ಬೋಯಿ’ ಅನ್ನುತ್ತಾರೆ. ಹಳ್ಳಿಯ ಹುಡುಗ ಒಬ್ಬ ವ್ಯಾಪಾರಿಯ ಮನೆ ಸೇರುತ್ತಾನೆ. ಐದಾರು ವರ್ಷ ಸಂಬಳ ಇಲ್ಲ, ಊಟ ವಸತಿ ಮಾತ್ರ. ಕಸ ಗುಡಿಸೋದರಿಂದ ಹಿಡಿದು ಗಿರಾಕಿ ಜತೆ ಚೌಕಾಸಿ ಮಾಡೋ ತನಕ ಎಲ್ಲ ಕಲಿಯುತ್ತಾನೆ. ಅವಧಿ ಮುಗಿದ ಮೇಲೆ ಓಗಾ ಅವನಿಗೆ ಬಂಡವಾಳ ಕೊಟ್ಟು ಅಂಗಡಿ ಹಾಕಿಕೊಡಬೇಕು, ಇದಕ್ಕೆ ‘ಸೆಟಲ್’ ಮಾಡೋದು ಅನ್ನುತ್ತಾರೆ. ಅಂದರೆ ತನ್ನ ಪಕ್ಕದಲ್ಲೇ ತನ್ನ ಪೈಪೋಟಿದಾರನನ್ನು ತಾನೇ ಕೂರಿಸೋದು! ಲಾಗೋಸ್‌ನ ಲಾಡಿಪೊ ಮಾರುಕಟ್ಟೆ ಹೀಗೇ ಬೆಳೆದಿದೆ. ನಮ್ಮ ಜೆ.ಸಿ. ರೋಡ್ ಅನ್ನು ಹತ್ತು ಪಟ್ಟು ಮಾಡಿ ಮೇಲೆ ಕೆಸರು ಸುರಿದರೆ ಹೇಗಿರುತ್ತೆ, ಹಾಗಿರುತ್ತದೆ. ನನ್ನ ಓಗಾನ ಹತ್ತಿರ ಹೀಗೆ ಕೆಲಸ ಕಲಿಯುತ್ತಿದ್ದ ಹುಡುಗನಿಗೆ ಹದಿನಾರೋ ಹದಿನೇಳೋ. ಟೋಕುನ್ಬೋ ಮಾಲು, ಅಂದರೆ ಹೊರದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಸಾಮಾನು, ರಾಶಿ ಬಿದ್ದಿರುತ್ತಿತ್ತು. ಅದರಿಂದ ಒಂದು ಆಲ್ಟರ್ನೇಟರ್ ಎತ್ತಿ, ಬೆರಳಲ್ಲಿ ಪುಲ್ಲಿ ತಿರುಗಿಸಿ, ಕಿವಿ ಹತ್ತಿರ ಹಿಡಿದು ತಲೆ ಅಲ್ಲಾಡಿಸಿ ವಾಪಸ್ ಇಡುತ್ತಿದ್ದ. ಮೂರನೆಯದೋ ನಾಲ್ಕನೆಯದೋ ನನ್ನ ಕೈಗೆ ಬರುತ್ತಿತ್ತು. ಆರು ವರ್ಷದಲ್ಲಿ ಅವನು ಕೊಟ್ಟ ಒಂದೂ ಹಾಳಾಗಿ ವಾಪಸ್ ಹೋಗಲಿಲ್ಲ. ಈ ಪದ್ಧತಿಯಲ್ಲಿ ಮೋಸವೂ ಇದೆ, ಸೆಟಲ್ ಮಾಡುವ ವರ್ಷ ಬಂದಾಗ ಕಳ್ಳತನದ ಆರೋಪ ಹೊರಿಸಿ ಹುಡುಗನನ್ನು ಬರಿಗೈಲಿ ಓಡಿಸುವ ಓಗಾಗಳೂ ಇದ್ದಾರೆ.

2018ರ ಡಿಸೆಂಬರ್‌ನಲ್ಲಿ ನನ್ನ ಓಗಾನ ಜತೆ ಅನಾಂಬ್ರಾದ ನ್ನೆವಿ ಹತ್ತಿರದ ಅವನ ಊರಿಗೆ ಹೋಗಿದ್ದೆ. ಕ್ರಿಸ್‌ಮಸ್‌ಗೆ ಇಗ್ಬೋಗಳು ಎಲ್ಲಿದ್ದರೂ ಊರಿಗೆ ಹೋಗಲೇಬೇಕು. ಆಗ ನೈಜರ್ ನದಿಗೆ ಅಲ್ಲಿ ಇದ್ದಿದ್ದು 1965ರ ಒಂದೇ ಸೇತುವೆ, ಅದರ ಮೇಲೆ ನಾಲ್ಕು ಗಂಟೆ ಕೂತೆವು. ಊರಲ್ಲಿ ನೋಡಿದರೆ ಮೂರಂತಸ್ತಿನ ಮನೆಗಳು, ವರ್ಷದ ಹನ್ನೊಂದು ತಿಂಗಳು ಬೀಗ. ಅಲ್ಲಿ ಮನೆಗೆ ಬಂದವರಿಗೆ ಮೊದಲು ‘ಓಜಿ’, ಅಂದರೆ ಕೋಲಾ ಕಾಯಿ, ನಮ್ಮಲ್ಲಿ ಎಲೆ ಅಡಿಕೆ ಇದ್ದ ಹಾಗೆ. ಹಿರಿಯಜ್ಜ ಅದನ್ನು ಹಿಡಿದು ಪ್ರಾರ್ಥನೆ ಮಾಡಿದರು. ನನಗೆ ಅರ್ಥ ಆಗಲಿ ಅಂತ ಯಾರೋ ಇಂಗ್ಲಿಷ್‌ನಲ್ಲಿ ಹೇಳಿ ಅಂದರೆ, ಓಜಿಗೆ ಇಂಗ್ಲಿಷ್ ಬರಲ್ಲ ಅಂದುಬಿಟ್ಟರು. ಎಲ್ಲರೂ ನಕ್ಕರು, ಆದರೆ ಅಜ್ಜ ತಮಾಷೆಗೆ ಹೇಳಿರಲಿಲ್ಲ. ಒಡೆದಾಗ ನಾಲ್ಕು ಹೋಳು ಬಂತು, ಅದು ಶುಭ. ಎಕೆ, ಓರಿಯೆ, ಅಫೊ, ನ್ಕ್ವೊ ಅಂತ ಅವರ ನಾಲ್ಕು ಸಂತೆ ದಿನಗಳು, ಅವರ ಹಳೆಯ ವಾರಕ್ಕೆ ನಾಲ್ಕೇ ದಿನ. ಓಕೆಕೆ, ಓಕಾಫೊರ್, ಒಕೊಂಕ್ವೊ ಅಂತ ಹೆಸರು ಕೇಳಿರುತ್ತೀರಲ್ಲ, ಅವೆಲ್ಲ ಆ ದಿನ ಹುಟ್ಟಿದ ಗಂಡು ಅಂತ. ಅದೇ ಊರಲ್ಲಿ ‘ಓಸು’ ಅನ್ನುವ ಮಾತನ್ನೂ ಕೇಳಿದೆ. ಹಿಂದೆ ದೇವರಿಗೆ ಬಿಟ್ಟವರ ವಂಶ ಅದು. 1956ರಲ್ಲೇ ಕಾನೂನು ಮಾಡಿ ರದ್ದು ಮಾಡಿದ್ದಾರೆ, ಆದರೆ ಮದುವೆ ಮಾತುಕತೆ ಬಂದಾಗ ಇವತ್ತಿಗೂ ಪಿಸುಮಾತಲ್ಲಿ ವಿಚಾರಿಸುತ್ತಾರೆ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗಿನ ರಾಜಕೀಯಕ್ಕೆ ಬರೋಣ. ನೈಜೀರಿಯಾವನ್ನು ಆರು ವಲಯ ಅಂತ ಲೆಕ್ಕ ಹಾಕುತ್ತಾರೆ. ಬೇರೆಯವಕ್ಕೆಲ್ಲ ಆರು ರಾಜ್ಯ, ವಾಯವ್ಯಕ್ಕೆ ಏಳು, ಆಗ್ನೇಯಕ್ಕೆ ಮಾತ್ರ ಐದು. ರಾಜ್ಯಕ್ಕೆ ಮೂರು ಸೆನೆಟರ್‌ಗಳು, ಹಾಗಾಗಿ ಸೆನೆಟ್‌ನಲ್ಲಿ ಇವರಿಗೆ 15 ಸೀಟು, ವಾಯವ್ಯಕ್ಕೆ 21. ಕೇಂದ್ರದ ದುಡ್ಡಿನ ಪಾಲೂ ರಾಜ್ಯದ ಲೆಕ್ಕದ ಮೇಲೆ ಹೋಗುತ್ತದೆ. 1966ರ ಆರು ತಿಂಗಳ ಇರಾನ್ಸಿ ಬಿಟ್ಟರೆ ದೇಶ ಆಳುವ ಅಧಿಕಾರ ಇಗ್ಬೋ ಕೈಗೆ ಬಂದಿಲ್ಲ. ಈ ಸಿಟ್ಟಿನ ಮೇಲೆ ಬೆಳೆದವರು ನಾಮ್ಡಿ ಕಾನು. ಲಂಡನ್‌ನಿಂದ ರೇಡಿಯೋ ನಡೆಸಿದರು, ಬಯಾಫ್ರಾ ಬೇರೆ ದೇಶ ಆಗಬೇಕು ಅನ್ನುವ ಐಪಾಬ್ ಸಂಘಟನೆ ಕಟ್ಟಿದರು, ಸರ್ಕಾರ 2017ರಲ್ಲಿ ಅದನ್ನು ಭಯೋತ್ಪಾದಕ ಸಂಘಟನೆ ಅಂತ ನಿಷೇಧಿಸಿತು. 2021ರಲ್ಲಿ ಕಾನುರನ್ನು ಕೀನ್ಯಾದಿಂದ ಹಿಡಿದು ತಂದರು, 2025ರ ನವೆಂಬರ್‌ನಲ್ಲಿ ಜೀವಾವಧಿ ಶಿಕ್ಷೆ ಆಯಿತು. ಅವರ ಬಿಡುಗಡೆಗೆ ಅಂತ 2021ರ ಆಗಸ್ಟ್‌ನಲ್ಲಿ ಶುರುವಾದ ಸೋಮವಾರದ ಬಂದ್ ಇದೆಯಲ್ಲ, ಅದು ನನಗೆ ಅರ್ಥವೇ ಆಗಿಲ್ಲ. ಆಮೇಲೆ ಸಂಘಟನೆಯೇ ವಾಪಸ್ ತಗೊಂಡಿದ್ದೇವೆ ಅಂದರೂ, ಬಾಗಿಲು ತೆರೆದರೆ ಬಂದೂಕು ಹಿಡಿದವರು ಬರುತ್ತಾರೆ ಅನ್ನುವ ಭಯಕ್ಕೆ ಅಂಗಡಿ ಮುಚ್ಚುತ್ತಲೇ ಹೋಯಿತು. ವ್ಯಾಪಾರವೇ ಉಸಿರಾದ ಜನ ತಮ್ಮದೇ ಊರಲ್ಲಿ ವಾರಕ್ಕೊಂದು ದಿನ ವ್ಯಾಪಾರ ಕಳೆದುಕೊಂಡರು. ರಾಜಧಾನಿ ಅಬುಜಾದಲ್ಲಿ ಕೂತವರಿಗೆ ಇದರಿಂದ ಏನು ನಷ್ಟ?

ಇನ್ನೊಂದು ದಾರಿ 2023ರ ರಾಷ್ಟ್ರಪತಿ ಚುನಾವಣೆ. ಅನಾಂಬ್ರಾದ ಮಾಜಿ ಗವರ್ನರ್ ಪೀಟರ್ ಓಬಿ ನಿಂತರು. ಇಗ್ಬೋಗಳಷ್ಟೇ ಅಲ್ಲ, ಬೇರೆ ಜನರ ಹುಡುಗರೂ ಅವರ ಹಿಂದೆ ಬಿದ್ದರು. ಸುಮಾರು 61 ಲಕ್ಷ ಮತ ಬಂದು ಮೂರನೇ ಸ್ಥಾನ, ಆದರೆ ಗೆದ್ದು ರಾಷ್ಟ್ರಪತಿಯಾದ ಟಿನುಬು ಅವರ ಕೋಟೆ ಲಾಗೋಸ್‌ನಲ್ಲೇ ಟಿನುಬುಗಿಂತ 10 ಸಾವಿರದಷ್ಟು ಮುಂದೆ ಬಂದರು. ಅಲ್ಲಿಗೆ ಬಿತ್ತು ಕಲ್ಲು. ಮೂರು ವಾರದ ಮೇಲೆ ಗವರ್ನರ್ ಚುನಾವಣೆಗೆ ಲಾಗೋಸ್‌ನ ಹಲವು ಕಡೆ ಇಗ್ಬೋಗಳನ್ನು ಮತಗಟ್ಟೆಯಿಂದ ಹೆದರಿಸಿ ಓಡಿಸಿದರು, ಲಾಗೋಸ್ ಇಲ್ಲಿನ ಯೊರುಬಾ ಜನರದ್ದು, ನಿಮ್ಮೂರಿಗೆ ಹೋಗಿ ಅಂದರು. ನನ್ನ ಓಗಾ ಆ ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಮೂವತ್ತೆರಡು ವರ್ಷ ಲಾಗೋಸ್‌ನಲ್ಲಿದ್ದಾನೆ, ಮಕ್ಕಳು ಯೊರುಬಾ ಮಾತಾಡುತ್ತಾರೆ, ಸೈಟು ತಗೊಂಡಿದ್ದಾನೆ. ಅದಕ್ಕೂ ಮುಂಚೆ ಬಯಾಫ್ರಾ ಅಂದರೆ ಹುಡುಗರ ಹುಚ್ಚು ಅನ್ನುತ್ತಿದ್ದವನು, ಆ ವಾರ ಫೋನಿನಲ್ಲಿ ‘ಬೇರೆ ಹೋಗ್ತೀವಿ ಅಂದ್ರೆ ಬಿಡಲ್ಲ, ಇಲ್ಲೇ ಇರ್ತೀವಿ ಅಂದ್ರೂ ಬಿಡಲ್ಲ, ಯಾವುದಾದ್ರೂ ಒಂದು ಹೇಳಲಿ’ ಅಂದ.

ನಿಮ್ಮ ಹುಡುಗ ಹೇಳಿದ್ದೂ ಹೆಚ್ಚುಕಮ್ಮಿ ಇದೇ ಅಂತ ನನ್ನ ಅನಿಸಿಕೆ. ನಾನು ಮಾತಾಡಿಸಿದ ಇಗ್ಬೋಗಳಲ್ಲಿ ನಾಳೆಯೇ ಹೊಸ ದೇಶ ಬೇಕು ಅಂದವರು ಕಡಿಮೆ. ಅವರ ಅಂಗಡಿ, ಮನೆ, ಸಾಲಗಾರರು ಎಲ್ಲ ನೈಜೀರಿಯಾದ ಉದ್ದಗಲಕ್ಕೂ ಇದ್ದಾರೆ. ದೇಶ ಒಡೆದರೆ ಎಲ್ಲರಿಗಿಂತ ಜಾಸ್ತಿ ಕಳೆದುಕೊಳ್ಳೋದು ಅವರೇ, ಅದು ಅವರಿಗೂ ಗೊತ್ತು.

ಅವನ ಹತ್ತಿರ ಕೂತು ಮಾತಾಡಬೇಕು ಅಂದರೆ ಬಯಾಫ್ರಾದಿಂದ ಶುರು ಮಾಡಬೇಡಿ, ಯಾವ ಊರು, ಊರಿನ ಸಂತೆ ಯಾವ ದಿನ ಅಂತ ಕೇಳಿ, ಮುಖ ಅರಳುತ್ತದೆ. ಓಜಿ ಕೊಟ್ಟರೆ ಬಲಗೈಲಿ ತಗೊಳ್ಳಿ. ಹಸಿ ಅಡಿಕೆಗಿಂತ ಚೊಗರು, ಕಹಿ ಬೇರೆ. ಸಣ್ಣ ಚೂರು ಸಾಕು. ನಾನು ಮೊದಲ ಸಲ ಮರ್ಯಾದೆಗೆ ಅಂತ ಇಡೀ ಹೋಳು ತಿಂದು ಬೆಳಗಿನ ಜಾವ ಮೂರರ ತನಕ ಫ್ಯಾನ್ ನೋಡುತ್ತ ಮಲಗಿದ್ದೆ.