ಕರೆಂಟ್ ಡಿಮ್ ಆದಾಗ ಹ್ಯಾಂಗ್ ಆಗುವ ಪಂಪ್ ಟೈಮರ್: ಕೆಪಾಸಿಟರ್ ಸಾಲದು

ನಾಪೋಕ್ಲು ಕಡೆಯ ಸ್ನೇಹಿತರು ಕೇಳಿದ್ದಕ್ಕೆ ಸ್ವಲ್ಪ ಉದ್ದದ ಉತ್ತರ. ಸ್ಪ್ರಿಂಕ್ಲರ್ ಪಂಪ್‌ಗೆ ಅವರು ಆರ್ಡುಯಿನೋ ನ್ಯಾನೋ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್) ಹಾಕಿ ಟೈಮರ್ ಮಾಡಿದ್ದಾರೆ. ಕರೆಂಟ್ ಪೂರ್ತಿ ಹೋಗಿ ಬಂದರೆ ತೊಂದರೆ ಇಲ್ಲ. ಡಿಮ್ ಆಗಿ ಬಂದರೆ ಮಾತ್ರ ಡಿಸ್‌ಪ್ಲೇ ನಿಂತುಬಿಡುತ್ತದೆ, ಒಮ್ಮೊಮ್ಮೆ ಸೆಟ್ ಮಾಡಿದ ಟೈಮೂ ಅಳಿಸಿರುತ್ತದೆ. ರಿಸೆಟ್ ಪಿನ್‌ಗೆ (ಇದನ್ನು ಲೋ ಮಾಡಿ ಬಿಟ್ಟರೆ ಚಿಪ್ ಮೊದಲಿನಿಂದ ಶುರುವಾಗುತ್ತದೆ) 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೂ ಪ್ರಯೋಜನ ಆಗಿಲ್ಲ. ಅವರಿಗೆ ಇನ್ನೊಬ್ಬರು 100 ಮೈಕ್ರೋಫ್ಯಾರಡ್ ಹಾಕಿ ಅಂದಿದ್ದಾರೆ. ದಯವಿಟ್ಟು ಬೇಡ, ಅದರಿಂದ ಕಾಟ ಜಾಸ್ತಿಯೇ ಆಗುತ್ತದೆ.

ಕೆಪಾಸಿಟರ್ ಕೆಲಸ ಮಾಡುವುದು ಅದು ಖಾಲಿ ಇದ್ದಾಗ ಮಾತ್ರ. 10 ಕಿಲೋ ಓಮ್ ರೆಸಿಸ್ಟರ್ ಜೊತೆ 10 ಮೈಕ್ರೋಫ್ಯಾರಡ್ ಅಂದರೆ ಹತ್ತಿರ ಹತ್ತಿರ 100 ಮಿಲಿಸೆಕೆಂಡ್ ಚಿಪ್ಪನ್ನು ರಿಸೆಟ್‌ನಲ್ಲೇ ತಡೆದು ಹಿಡಿಯುತ್ತದೆ. ಆದರೆ ಸಪ್ಲೈ 5 ವೋಲ್ಟ್‌ನಿಂದ 3ಕ್ಕೆ ಇಳಿದು ತಕ್ಷಣ ಮೇಲೆ ಬಂದರೆ ಅದು ಖಾಲಿಯೇ ಆಗುವುದಿಲ್ಲ. ರಿಸೆಟ್ ಪಿನ್ ಹೈ ಆಗಿಯೇ ಇರುತ್ತದೆ, ಅಂದರೆ ಚಿಪ್ ರಿಸೆಟ್ ಆಗುವುದಿಲ್ಲ. ಬೇಗ ಖಾಲಿಯಾಗಲಿ ಅಂತ ಡಯೋಡ್ ಹಾಕಿದರೂ ಅಷ್ಟೇ, ಕೆಪಾಸಿಟರ್ ಸಪ್ಲೈಗಿಂತ ಕೆಳಗೆ ಇಳಿಯುವುದಿಲ್ಲ. ಜೊತೆಗೆ ಅಷ್ಟು ದೊಡ್ಡ ಕೆಪಾಸಿಟರ್ ಇದ್ದರೆ ಪ್ರೋಗ್ರಾಂ ಅಪ್‌ಲೋಡ್ ಮಾಡುವಾಗಿನ ಆಟೋ ರಿಸೆಟ್ಟೂ ಕೈಕೊಡುತ್ತದೆ.

ಅಷ್ಟರಲ್ಲಿ ಚಿಪ್ ಒಳಗೆ ಏನಾಗುತ್ತದೆ ನೋಡಿ. ನ್ಯಾನೋದಲ್ಲಿರುವ ಎಟಿಮೆಗಾ328ಪಿ ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ಸರಿಯಾಗಿ ಓಡಲು ಸುಮಾರು 3.8 ವೋಲ್ಟ್ ಬೇಕು. ಬೋರ್ಡ್ ಜೊತೆ ಬರುವ ಬ್ರೌನ್‌ಔಟ್ ಸೆಟ್ಟಿಂಗ್ (ವೋಲ್ಟೇಜ್ ಇದಕ್ಕಿಂತ ಇಳಿದರೆ ಚಿಪ್ ತಾನೇ ರಿಸೆಟ್ ಆಗುತ್ತದೆ) 2.7 ವೋಲ್ಟ್. ಈ ಎರಡರ ನಡುವೆ ಸಿಕ್ಕಿಕೊಂಡ ಚಿಪ್ ನಿಲ್ಲುವುದೂ ಇಲ್ಲ, ಸರಿಯಾಗಿ ಓಡುವುದೂ ಇಲ್ಲ. ಸಪ್ಲೈಯಲ್ಲಿ 1000 ಮೈಕ್ರೋಫ್ಯಾರಡ್ ಇದ್ದು ಬೋರ್ಡ್ 50 ಮಿಲಿಆಂಪ್ ಎಳೆಯುತ್ತಿದ್ದರೆ, ಒಂದು ವೋಲ್ಟ್ ಇಳಿಯಲು 20 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ 3 ಲಕ್ಷಕ್ಕೂ ಹೆಚ್ಚು ಕ್ಲಾಕ್ (ಚಿಪ್‌ನ ಕೆಲಸದ ಮಿಡಿತ) ಆಗಿಹೋಗಿರುತ್ತದೆ. ಆಗ ತಪ್ಪಾಗಿ ಓಡಿದ ಕೋಡ್ ಇಇಪ್ರಾಮ್‌ಗೆ (ಕರೆಂಟ್ ಹೋದರೂ ಅಳಿಸದ ಮೆಮೊರಿ) ಏನನ್ನೋ ಬರೆದುಬಿಡಬಹುದು. ನಿಮ್ಮ ಟೈಮ್ ಸೆಟ್ಟಿಂಗ್ ಅಳಿಸುವುದು ಬಹುಶಃ ಹಾಗೆಯೇ.

ಮೊದಲ ಪರಿಹಾರಕ್ಕೆ ಖರ್ಚೇ ಇಲ್ಲ. ಬ್ರೌನ್‌ಔಟನ್ನು 4.3 ವೋಲ್ಟ್‌ಗೆ ಏರಿಸಿ. ಎಕ್ಸ್‌ಟೆಂಡೆಡ್ ಫ್ಯೂಸ್ (ಚಿಪ್ ಒಳಗಿನ ಒಂದು ಸೆಟ್ಟಿಂಗ್, ಸುಡುವ ಫ್ಯೂಸ್ ಅಲ್ಲ) ಎಫ್‌ಡಿ ಇದ್ದದ್ದು ಎಫ್‌ಸಿ ಆಗಬೇಕು. ಇದನ್ನು ಬದಲಿಸಲು ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ ಇಲ್ಲದಿದ್ದರೆ ಇನ್ನೊಂದು ಆರ್ಡುಯಿನೋ ಸಾಕು. ಆದರೆ ಒಂದು ಎಚ್ಚರಿಕೆ. ನ್ಯಾನೋಗೆ ಯುಎಸ್‌ಬಿಯಿಂದ ಕರೆಂಟ್ ಕೊಟ್ಟರೆ ಒಳಗಿನ ಡಯೋಡ್‌ನಲ್ಲೇ ಸ್ವಲ್ಪ ವೋಲ್ಟೇಜ್ ಹೋಗುತ್ತದೆ. ಮೊಬೈಲ್ ಚಾರ್ಜರ್, ಮೇಲೊಂದು ಸಪೂರ ಕೇಬಲ್ ಆದರೆ 4.3ರ ಹತ್ತಿರವೇ ನಿಂತು ಬೋರ್ಡ್ ಸುಮ್ನೆ ಸುಮ್ನೆ ರಿಸೆಟ್ ಆಗುತ್ತಿರುತ್ತದೆ. ಒಳ್ಳೆಯ 5 ವೋಲ್ಟ್ ಸಪ್ಲೈಯನ್ನು ನೇರ 5ವಿ ಪಿನ್‌ಗೆ ಕೊಡಿ.

ಸ್ವಂತ ಬೋರ್ಡ್ ಮಾಡುವವರು ಸೂಪರ್‌ವೈಸರ್ ಐಸಿ ಹಾಕಿ, ಅಂದರೆ ವೋಲ್ಟೇಜ್ ಕಾದು ನೋಡಿ ಕಮ್ಮಿಯಾದರೆ ರಿಸೆಟ್ ಕೊಡುವ ಚಿಪ್. ನನಗೆ ಇಷ್ಟ ಡಿಎಸ್1813. ಟ್ರಾನ್ಸಿಸ್ಟರ್‌ನಂತೆ ಮೂರು ಕಾಲು, ಸೋಲ್ಡರ್ ಮಾಡಲು ಸುಲಭ. ವೋಲ್ಟೇಜ್ ಸರಿಯಾದ ಮೇಲೂ ಸುಮಾರು 150 ಮಿಲಿಸೆಕೆಂಡ್ ರಿಸೆಟ್ ಹಿಡಿದಿಡುತ್ತದೆ. ಮ್ಯಾಕ್ಸ್809 ಕೂಡ ಒಳ್ಳೆಯದೇ, ಆದರೆ ಅದರ ಔಟ್‌ಪುಟ್ ಪುಶ್‌ಪುಲ್, ಅಂದರೆ ಪಿನ್ನನ್ನು ಮೇಲಕ್ಕೂ ತಳ್ಳುತ್ತದೆ, ಕೆಳಕ್ಕೂ ಎಳೆಯುತ್ತದೆ. ಪ್ರೋಗ್ರಾಮರ್ ರಿಸೆಟ್ ಪಿನ್ನನ್ನು ಕೆಳಗೆ ಎಳೆಯಲು ಹೋದರೆ ಇದು ಮೇಲಕ್ಕೆ ತಳ್ಳುತ್ತಿರುತ್ತದೆ. ಅದಕ್ಕೆ ಓಪನ್ ಡ್ರೈನ್ (ಕೆಳಗೆ ಮಾತ್ರ ಎಳೆಯುವ ಔಟ್‌ಪುಟ್) ಇರುವ ಮ್ಯಾಕ್ಸ್803 ತಗೊಳ್ಳಿ. ಹಳೆಯ 8051 ಜಾತಿಯ ಚಿಪ್‌ಗೆ ರಿಸೆಟ್ ಹೈ ಆಗಬೇಕು, ಅಲ್ಲಿ ಮ್ಯಾಕ್ಸ್810.

ರಿಸೆಟ್ ಬಟನ್ನನ್ನು ಪೆಟ್ಟಿಗೆಯ ಹೊರಗೆ ಉದ್ದ ವೈರ್‌ನಲ್ಲಿ ತರಬೇಡಿ. ಕಾಂಟ್ಯಾಕ್ಟರ್ (ಮೋಟಾರ್ ಆನ್ ಆಫ್ ಮಾಡುವ ದೊಡ್ಡ ರಿಲೇ) ಬಿಟ್ಟಾಗಲೆಲ್ಲ ಆ ವೈರ್ ಆಂಟೆನಾ ಆಗುತ್ತದೆ. ಮಳೆಗಾಲದಲ್ಲಿ ನಮ್ಮ ಪಂಪ್‌ಹೌಸ್‌ನಲ್ಲಿ ಒಣಗಿದ್ದು ಅಂತ ಏನೂ ಇರಲ್ಲ ಅಲ್ವಾ, ಆದ್ದರಿಂದ ಬೋರ್ಡ್‌ಗೆ ವಾರ್ನಿಶ್ ಹೊಡೆಯಿರಿ. ವಾಚ್‌ಡಾಗ್ (ಕೋಡ್ ಹ್ಯಾಂಗ್ ಆದರೆ ತಾನೇ ರಿಸೆಟ್ ಮಾಡುವ ಚಿಪ್ ಒಳಗಿನ ಟೈಮರ್) ಆನ್ ಮಾಡುವುದೂ ಒಳ್ಳೆಯದು. ಆದರೆ ಹಳೆಯ ಬೂಟ್‌ಲೋಡರ್ (ಶುರುವಿನಲ್ಲಿ ಓಡುವ, ಅಪ್‌ಲೋಡ್ ಮಾಡಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಇರುವ ನ್ಯಾನೋದಲ್ಲಿ ವಾಚ್‌ಡಾಗ್ ಒಮ್ಮೆ ಕಚ್ಚಿದರೆ ಬೋರ್ಡ್ ರಿಸೆಟ್ ಆಗುತ್ತಲೇ ಇರುತ್ತದೆ. ಮೊದಲು ಆಪ್ಟಿಬೂಟ್ ಎಂಬ ಬೂಟ್‌ಲೋಡರ್ ಹಾಕಿಕೊಳ್ಳಿ.

ಎಲ್ಲರೂ ಮರೆಯುವುದು ರಿಲೇ. ರಿಸೆಟ್‌ನಲ್ಲಿರುವಾಗ ಪಿನ್‌ಗಳೆಲ್ಲ ಇನ್‌ಪುಟ್, ಅಂದರೆ ಯಾರ ಹಿಡಿತದಲ್ಲೂ ಇಲ್ಲ. ರಿಲೇ ಮಾಡ್ಯೂಲ್ ಲೋ ಕೊಟ್ಟರೆ ಆನ್ ಆಗುವ ಜಾತಿಯಾದರೆ ಆ ಪಿನ್‌ನಿಂದ 5 ವೋಲ್ಟ್‌ಗೆ 10 ಕಿಲೋ ಓಮ್, ಹೈ ಕೊಟ್ಟರೆ ಆನ್ ಆಗುವುದಾದರೆ ಗ್ರೌಂಡ್‌ಗೆ. ಕೋಡ್‌ನ ಸೆಟಪ್ ಭಾಗದಲ್ಲಿ ಮೊದಲ ಸಾಲೇ ಪಂಪ್ ಆಫ್ ಮಾಡುವುದಾಗಿರಲಿ, ಆಮೇಲೆ ಎರಡು ಮೂರು ನಿಮಿಷ ಕಾಯಲಿ. ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಕೊಡುವ ಹೊತ್ತಿಗೆ ಕರೆಂಟ್ ಬಂದ ಕೂಡಲೇ ಸುತ್ತಲಿನ ಮೋಟಾರ್‌ಗಳೆಲ್ಲ ಒಟ್ಟಿಗೆ ಎದ್ದು ವೋಲ್ಟೇಜ್ ಮತ್ತೆ ಬೀಳುತ್ತದೆ. ಆ ಗಲಾಟೆ ಮುಗಿಯಲಿ.

ತೋಟಕ್ಕೆ ಒಯ್ಯುವ ಮೊದಲು ಮೇಜಿನ ಮೇಲೆ ಪರೀಕ್ಷಿಸಿ. ಎಲ್‌ಎಂ2596 ಮಾಡ್ಯೂಲ್‌ನಿಂದ (ವೋಲ್ಟೇಜ್ ಹೊಂದಿಸಬಹುದಾದ ಸಪ್ಲೈ ಬೋರ್ಡ್) 5ವಿ ಪಿನ್‌ಗೆ ಸಪ್ಲೈ ಕೊಟ್ಟು, ಸ್ಕ್ರೂ ತಿರುಗಿಸಿ ನಿಧಾನವಾಗಿ 5ರಿಂದ 3ಕ್ಕೆ ಇಳಿಸಿ ಮತ್ತೆ ಏರಿಸಿ, 5 ದಾಟದಂತೆ ಮೀಟರ್ ಮೇಲೆ ಕಣ್ಣಿರಲಿ. ಪ್ರತಿ ಸಲವೂ ಬೋರ್ಡ್ ಮೊದಲಿನಿಂದ ಶುರುವಾಗಬೇಕು, ರಿಲೇ ಒಮ್ಮೆಯೂ ಟಕ್ ಎನ್ನಬಾರದು. ಇದರಲ್ಲಿ ಪಾಸಾಗಿಯೂ ಪಂಪ್‌ಹೌಸ್‌ನಲ್ಲಿ ಹ್ಯಾಂಗ್ ಆದರೆ ತಪ್ಪು ರಿಸೆಟ್‌ನದ್ದಲ್ಲ. ಕಾಂಟ್ಯಾಕ್ಟರ್ ಕಾಯಿಲ್‌ಗೆ ಅಡ್ಡಲಾಗಿ ಸ್ನಬ್ಬರ್ (ಕಾಯಿಲ್ ಆಫ್ ಆದಾಗಿನ ವೋಲ್ಟೇಜ್ ಏಟನ್ನು ತಡೆಯುವ ರೆಸಿಸ್ಟರ್ ಕೆಪಾಸಿಟರ್ ಜೋಡಿ) ಹಾಕಿ ನೋಡಿ.